ಚಿಲ್ಲರೆಯಲ್ಲಿ ಬಂದ ಚಾರ್‌ಮಿನಾರ್ ನಾಣ್ಯ: ಬೆಳ್ಳಿಯೋ ಅಲ್ಲವೋ ತಿಳಿಯುವುದು ಹೇಗೆ?

ಗಂಗಾವತಿ ಕಿರಾಣಿ:
ಎಲ್ಲರಿಗೂ ನಮಸ್ಕಾರ. ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ನಿನ್ನೆ ರಾತ್ರಿ ಗಲ್ಲಾಪೆಟ್ಟಿಗೆ ಎಣಿಸುವಾಗ ಎರಡು ರೂಪಾಯಿ ನಾಣ್ಯಗಳ ಗುಂಪಿನಲ್ಲಿ ಬೇರೆಯದೇ ಒಂದು ನಾಣ್ಯ ಕೈಗೆ ಬಂತು. ಗಾತ್ರ ಹೆಚ್ಚುಕಡಿಮೆ ಎರಡು ರೂಪಾಯಿಯದೇ, ಕೈಗೆ ಮಾತ್ರ ಸ್ವಲ್ಪ ಭಾರ ಅನ್ನಿಸಿತು. ಒಂದು ಬದಿಗೆ ಚಾರ್‌ಮಿನಾರ್, ಸುತ್ತಲೂ ಉರ್ದುವಿನಂಥ ಅಕ್ಷರಗಳು. ಇನ್ನೊಂದು ಬದಿಗೆ ಬರೀ ಅಕ್ಷರ. ಅಂಚಿನಲ್ಲಿ ಸಣ್ಣ ಗೀರುಗಳಿವೆ. ಮಸಿ ಹಿಡಿದಂತೆ ಕಪ್ಪಾಗಿದೆ.

ಇದು ಬೆಳ್ಳಿಯೇ? ಮನೆಯಲ್ಲೇ ಪರೀಕ್ಷೆ ಮಾಡಲು ಬರುತ್ತದೆಯೇ? ದಿನವೂ ಕೈಬದಲಾಗುವ ಚಿಲ್ಲರೆಯಲ್ಲಿ ಇಂಥ ಬೆಳ್ಳಿ ನಾಣ್ಯಗಳು ಇನ್ನೂ ಓಡಾಡುತ್ತಿವೆಯೇ? ನಮ್ಮ ಹುಡುಗರಂತೂ ಬೆಳಿಗ್ಗೆಯಿಂದ ಮನೆಯ ಡಬ್ಬಿಗಳನ್ನೆಲ್ಲ ಸುರಿದುಕೊಂಡು ಕುಳಿತಿದ್ದಾರೆ.

ಪತ್ತಾರ ಓಣಿ, ಕೊಪ್ಪಳ:
ಮೊದಲ ಮಾತು, ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಏನನ್ನೂ ಮುಟ್ಟಿಸಬೇಡಿ.

ಮಾನ್ವಿ ಮೇಷ್ಟ್ರು:
ಅದು ಹಾಲಿ ಸಿಕ್ಕಾ, ನಿಜಾಮರ ಹೈದರಾಬಾದ್ ಸಂಸ್ಥಾನದ ನಾಣ್ಯ. ರಾಯಚೂರು, ಕೊಪ್ಪಳ ಎರಡೂ 1948ರವರೆಗೆ ಆ ಸಂಸ್ಥಾನದಲ್ಲೇ ಇದ್ದವು. ನಮ್ಮ ಅಜ್ಜಂದಿರ ಕಾಲದ ಕೂಲಿ, ಕಂದಾಯ, ಸಂತೆ ಎಲ್ಲವೂ ಇದರಲ್ಲೇ ನಡೆಯುತ್ತಿದ್ದವು.

ಚಾರ್‌ಮಿನಾರಿನ ನಡುವಿನ ಬಾಗಿಲನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ಒಂದೇ ಒಂದು ಅಕ್ಷರ ಇರುತ್ತದೆ. ‘ಮೀಮ್’ ಇದ್ದರೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಕಾಲದ್ದು, ‘ಐನ್’ ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನ್ ಕಾಲದ್ದು. ಮೀಮ್ ತಲೆಯ ಕಡೆ ಪುಟ್ಟ ಗುಂಡಿ ಇರುವ ಅಕ್ಷರ. ಐನ್ ಬಲಕ್ಕೆ ಬಾಯಿ ತೆರೆದುಕೊಂಡಿರುತ್ತದೆ.

ವರ್ಷ ಇಸ್ಲಾಮಿನ ಹಿಜರಿ ಶಕೆಯಲ್ಲಿದೆ, ಅಂಕಿಗಳೂ ಬೇರೆ. ಸೊನ್ನೆ ಎಂದರೆ ಬರೀ ಚುಕ್ಕಿ. ನಮ್ಮ ಕಣ್ಣಿಗೆ ಸೊನ್ನೆಯಂತೆ ಕಾಣುವುದು ಐದು. ಇದನ್ನು ಅರಿಯದೆ ಓದಿದರೆ ವರ್ಷವೇ ತಪ್ಪುತ್ತದೆ. ಉದಾಹರಣೆಗೆ 1345 ಎಂದಿದ್ದರೆ ಅದು 1926–27ಕ್ಕೆ ಸರಿಹೊಂದುತ್ತದೆ.

ಹಾಲಿ ರೂಪಾಯಿಯ ತೂಕ 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇಕಡ 81.8. ಎಂಟಾಣೆ ಅದರ ಅರ್ಧ, ಪಾವಲಿ ಕಾಲು ಭಾಗ. ನಿಮ್ಮದು ಎರಡು ರೂಪಾಯಿಯ ಗಾತ್ರ ಎಂದರೆ ಎಂಟಾಣೆಯೇ ಇರಬೇಕು. 5.59 ಗ್ರಾಂ ಹತ್ತಿರ ತೂಗಬೇಕು, ಸವೆದಿದ್ದರೆ ತುಸು ಕಡಿಮೆ.

ಬಳ್ಳಾರಿ ಕೋಟೆ:
ನಮ್ಮ ಬಳ್ಳಾರಿ ಕಡೆಯ ಹಳೆಯ ಪೆಟ್ಟಿಗೆಗಳಲ್ಲಿ ಚಾರ್‌ಮಿನಾರ್ ಬಹಳ ಕಡಿಮೆ. ಅಲ್ಲಿ ಬ್ರಿಟಿಷ್ ರಾಣಿ ಮತ್ತು ರಾಜರ ತಲೆ ಇರುವ ಕಲ್ದಾರ್ ರೂಪಾಯಿಗಳೇ. ಕಾರಣ ಸರಳ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ತುಂಗಭದ್ರೆಯ ಆಚೆ ಹಾಲಿ, ಈಚೆ ಕಲ್ದಾರ್.

ಮಾನ್ವಿ ಮೇಷ್ಟ್ರು:
ಅಷ್ಟು ಖಚಿತವಾಗಿ ಗೆರೆ ಎಳೆಯಬೇಡಿ. ದನದ ಸಂತೆ, ಹತ್ತಿ ವ್ಯಾಪಾರ, ಬೀಗತನ ಯಾವುದೂ ಹೊಳೆ ನೋಡಿ ನಿಲ್ಲುತ್ತಿರಲಿಲ್ಲ. ಎರಡೂ ಹಣ ಎರಡೂ ದಡದಲ್ಲಿ ನಡೆಯುತ್ತಿತ್ತು, ಅದಕ್ಕೊಂದು ವಟ್ಟದ ಲೆಕ್ಕವೂ ಇತ್ತು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್.

ಆ ದರ ಗಾಳಿಯಲ್ಲಿ ಹುಟ್ಟಿದ್ದಲ್ಲ, ಲೆಕ್ಕ ಹಾಕಿ ನೋಡಿ. ಕಲ್ದಾರ್ ರೂಪಾಯಿ 11.66 ಗ್ರಾಂ, ಬೆಳ್ಳಿ ಶೇಕಡ 91.7, ಎಂದರೆ ಅಪ್ಪಟ ಬೆಳ್ಳಿ 10.69 ಗ್ರಾಂ. ಹಾಲಿಯಲ್ಲಿ ಅಪ್ಪಟ ಬೆಳ್ಳಿ 9.14 ಗ್ರಾಂ. ಏಳು ಹಾಲಿಯ ಬೆಳ್ಳಿ 64 ಗ್ರಾಂ, ಆರು ಕಲ್ದಾರಿನ ಬೆಳ್ಳಿಯೂ 64 ಗ್ರಾಂ. ಶಾಲೆಯಲ್ಲಿ ಅನುಪಾತ ಕಲಿಸುವಾಗ ಮಕ್ಕಳ ಮುಂದೆ ಇದನ್ನೇ ಬಿಡಿಸುತ್ತಿದ್ದೆ. ಎಷ್ಟು ಅಂದವಾದ ಲೆಕ್ಕ!

ಬಳ್ಳಾರಿ ಕೋಟೆ:
ಲೆಕ್ಕ ಒಪ್ಪುತ್ತೇನೆ ಮೇಷ್ಟ್ರೇ. ಆದರೂ ಮನೆಯಲ್ಲಿ ಕೂಡಿಟ್ಟದ್ದು ಕಲ್ದಾರನ್ನೇ, ನಾನು ಹೇಳಿದ್ದು ಅದನ್ನು.

ಸಿಂಧನೂರು ಬಿ.ಕಾಂ:
ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ 1947ರ ರೂಪಾಯಿ ಇದೆ, ಹಿಂದೆ ಹುಲಿಯ ಚಿತ್ರ. ಬೆಳ್ಳಿಯದು ಎಂದು ಎಲ್ಲರೂ ಹೇಳುತ್ತಾರೆ. ಈಗ ಎಷ್ಟು ಬೆಲೆ ಬಾಳಬಹುದು?

ಪತ್ತಾರ ಓಣಿ, ಕೊಪ್ಪಳ:
ಅಯಸ್ಕಾಂತ ಹಿಡಿಯಿರಿ, ಟಕ್ಕನೆ ಅಂಟುತ್ತದೆ. ಹುಲಿ ರೂಪಾಯಿ ನಿಕ್ಕಲ್ಲಿನದು, ಗುಲಗಂಜಿಯಷ್ಟೂ ಬೆಳ್ಳಿ ಇಲ್ಲ. ಸಂತೆಯಲ್ಲಿ ಇದನ್ನೇ ಬೆಳ್ಳಿ ಎಂದು ಮಾರುವವರಿದ್ದಾರೆ.

ಎಲ್ಲರಿಗೂ ಉಪಯೋಗವಾಗಲಿ ಎಂದು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಮ್ಮದು ತಲೆಮಾರುಗಳಿಂದ ಅಕ್ಕಸಾಲಿಕೆ. ನಾಣ್ಯ ಹಿಡಿದು ಬಂದವರಿಗೆ ಮೊದಲು ಅಯಸ್ಕಾಂತ ತೋರಿಸುತ್ತೇವೆ. ಬೆಳ್ಳಿಗೆ ಅಂಟುವುದಿಲ್ಲ. ಹಾಗೆಂದು ಅಂಟದಿದ್ದದ್ದೆಲ್ಲ ಬೆಳ್ಳಿಯೂ ಅಲ್ಲ. ತಾಮ್ರ ನಿಕ್ಕಲ್ ಬೆರಕೆಯ ಹಳೆಯ ಒಂದು, ಎರಡು ರೂಪಾಯಿಗಳೂ ಅಂಟುವುದಿಲ್ಲ, ಹೆಸರಿಗಷ್ಟೇ ಬೆಳ್ಳಿಯಾದ ಜರ್ಮನ್ ಸಿಲ್ವರ್ ಬಿಲ್ಲೆಗಳೂ ಅಂಟುವುದಿಲ್ಲ. ಆದ್ದರಿಂದ ಆಮೇಲೆ ತೂಕ, ಆಮೇಲೆ ನೀರು.

ನೀರಿನ ಪರೀಕ್ಷೆ ಹೀಗೆ. ಹತ್ತು ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿ ಬೇಕು. ನಾಣ್ಯವನ್ನು ಒಣಗಿದ್ದಾಗ ತೂಗಿ ಬರೆದಿಡಿ. ಸಣ್ಣ ಲೋಟದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಹೊಲಿಗೆ ದಾರವನ್ನು ನಾಣ್ಯಕ್ಕೆ ಸುತ್ತಿ ಗಂಟು ಹಾಕಿ, ಲೋಟದ ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಇಳಿಬಿಡಿ. ಅಂಚಿಗೆ ಗಾಳಿಗುಳ್ಳೆ ಕಚ್ಚಿಕೊಂಡಿದ್ದರೆ ಮೆಲ್ಲಗೆ ಅಲ್ಲಾಡಿಸಿ ಬಿಡಿಸಿ. ಆಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. ಹತ್ತರ ಮೇಲೆ ಬಂದರೆ ಒಳ್ಳೆಯ ಬೆಳ್ಳಿಯ ಲಕ್ಷಣ. ಅಪ್ಪಟ ಬೆಳ್ಳಿಗೆ 10.49 ಬರುತ್ತದೆ, ತಾಮ್ರ ನಿಕ್ಕಲ್ ಬೆರಕೆಗೆ 8.9ರ ಆಸುಪಾಸು.

ಒರೆಗಲ್ಲಿಗೆ ಉಜ್ಜಿ ಆಮ್ಲ ಹಾಕಿ ನೋಡುವುದು ನಮ್ಮ ಕಡೆಯ ಕೊನೆಯ ಪರೀಕ್ಷೆ. ಆದರೆ ಸಂಗ್ರಹಕ್ಕೆ ಬೆಲೆಯುಳ್ಳ ನಾಣ್ಯವನ್ನು ನಾನು ಕಲ್ಲಿಗೆ ಮುಟ್ಟಿಸುವುದಿಲ್ಲ.

ಹೊಸಪೇಟೆ ಕಂಡಕ್ಟರ್:
ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿದರೆ ಸಾಕಲ್ಲವೇ? ಬೆಳ್ಳಿ ಗಂಟೆಯಂತೆ ಕಣಕಣ ಎನ್ನುತ್ತದೆ.

ಪತ್ತಾರ ಓಣಿ, ಕೊಪ್ಪಳ:
ಬೀಳಿಸಿದರೆ ಅಂಚು ನೆಗ್ಗುತ್ತದೆ. ಬೆರಳ ತುದಿಯ ಮೇಲೆ ನಿಲ್ಲಿಸಿ ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿ. ಸದ್ದು ಎಳೆದುಕೊಂಡು ಹೋಗುತ್ತದೆ. ಅದೊಂದನ್ನೇ ನಂಬಿ ದುಡ್ಡು ಮಾತ್ರ ಕೊಡಬೇಡಿ.

ಹೊಸಪೇಟೆ ಕಂಡಕ್ಟರ್:
ಸರಿ. ನನ್ನ ಅನುಭವ ಹೇಳುತ್ತೇನೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿ ರಸ್ತೆಯಲ್ಲಿ ವರ್ಷಗಟ್ಟಲೆ ಟಿಕೆಟ್ ಹರಿದವನು ನಾನು. ಚೀಲದಲ್ಲಿ ನೇಪಾಳದ ನಾಣ್ಯ ಬಂದಿದೆ, ಕೊಲ್ಲಿ ದೇಶಗಳ ನಾಣ್ಯ ಬಂದಿದೆ, ಕಮಲದ ಹಿತ್ತಾಳೆ ಇಪ್ಪತ್ತು ಪೈಸೆ ಬಂದಿದೆ, ಸವೆದು ನುಣ್ಣಗಾದ ಬಿಲ್ಲೆಯೂ ಬಂದಿದೆ. ಬೆಳ್ಳಿ ಒಮ್ಮೆಯೂ ಬಂದಿಲ್ಲ. ದಿನಕ್ಕೆ ಇಷ್ಟು ಚಿಲ್ಲರೆ ಮುಟ್ಟುವ ನಮಗೇ ಸಿಗದ ಮೇಲೆ ಮಕ್ಕಳು ಡಬ್ಬಿ ಸುರಿದು ಹುಡುಕಿ ಪ್ರಯೋಜನವಿಲ್ಲ.

ಸಿಂಧನೂರು ಬಿ.ಕಾಂ:
ಆ ಕಮಲದ ಇಪ್ಪತ್ತು ಪೈಸೆಯಲ್ಲಿ ಚಿನ್ನ ಇದೆಯಂತೆ, ಇಟ್ಟುಕೊಂಡಿದ್ದೀರಾ?

ಮಾನ್ವಿ ಮೇಷ್ಟ್ರು:
ಇಲ್ಲಪ್ಪ, ಚಿನ್ನ ಇಲ್ಲ. 1968ರಿಂದ ಬಂದ ಕಮಲದ ನಾಣ್ಯವಾಗಲಿ, 1969ರ ಗಾಂಧಿ ಶತಾಬ್ದಿಯ ಇಪ್ಪತ್ತು ಪೈಸೆಯಾಗಲಿ ತಾಮ್ರದ ಮಿಶ್ರಲೋಹಗಳು. ಹಳದಿ ಬಣ್ಣ ನೋಡಿ ಜನ ಕಥೆ ಕಟ್ಟಿದರು. ಎಷ್ಟೋ ಮನೆಗಳಲ್ಲಿ ಅದನ್ನು ಇಂದಿಗೂ ಅರಿವೆಯಲ್ಲಿ ಕಟ್ಟಿ ಇಟ್ಟಿದ್ದಾರೆ.

ಕಂಡಕ್ಟರ್ ಅಣ್ಣನವರ ಮಾತಿಗೆ ಕಾರಣವೂ ಇದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬೆಳ್ಳಿಯ ಬೆಲೆ ಎಷ್ಟು ಏರಿತೆಂದರೆ ಸರ್ಕಾರಕ್ಕೆ ರೂಪಾಯಿ ಟಂಕಿಸುವುದೇ ಭಾರವಾಯಿತು. 1917ರ ನವೆಂಬರ್ ಕೊನೆಗೆ ಒಂದು ರೂಪಾಯಿಯ ಕಾಗದದ ನೋಟು ಬಂತು. 1918ರಲ್ಲಿ ಅಮೆರಿಕ ಕಾಯ್ದೆ ಮಾಡಿ ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ, ಬಹುಪಾಲನ್ನು ಭಾರತಕ್ಕೆಂದು ಬ್ರಿಟನ್ನಿಗೆ ಮಾರಿತು. ಬೆಳ್ಳಿಯ ಎರಡಾಣೆ ನಿಂತು ತಾಮ್ರ ನಿಕ್ಕಲ್ಲಿನ ಚೌಕದ ಎರಡಾಣೆ ಬಂದದ್ದೂ ಆಗಲೇ. ಎರಡನೆಯ ಯುದ್ಧಕ್ಕೆ ರೂಪಾಯಿಯೇ ಅರ್ಧ ಬೆಳ್ಳಿಗೆ ಇಳಿಯಿತು, 1947ಕ್ಕೆ ಅದೂ ಹೋಗಿ ನಿಕ್ಕಲ್ ಆಯಿತು. ಒಳ್ಳೆಯ ಬೆಳ್ಳಿ ಒಂದು ಕಡೆ, ಕಳಪೆ ಲೋಹ ಇನ್ನೊಂದು ಕಡೆ, ಮುಖಬೆಲೆ ಮಾತ್ರ ಒಂದೇ ಎಂದಾಗ ಯಾವ ಹೆಂಗಸು ಬೆಳ್ಳಿಯನ್ನು ಸಂತೆಗೆ ಒಯ್ಯುತ್ತಾಳೆ? ಅದು ಸಂದೂಕದ ತಳಕ್ಕೆ ಹೋಯಿತು, ಇಲ್ಲವೇ ಕಡಗ ಕಾಲ್ಗೆಜ್ಜೆಯಾಯಿತು.

ಬಳ್ಳಾರಿ ಕೋಟೆ:
ಮೇಷ್ಟ್ರು ಹೇಳಿದ್ದಕ್ಕೆ ಸೇರಿಸುತ್ತೇನೆ. ಕಲ್ದಾರ್ ಗುರುತಿಸುವವರು ಇಸವಿಯನ್ನೇ ಹಿಡಿಯಿರಿ. 1939ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಶೇಕಡ 91.7. 1940ರಿಂದ 1945ರವರೆಗೆ ಶೇಕಡ 50, ಉಳಿದದ್ದು ತಾಮ್ರ, ನಿಕ್ಕಲ್, ಸತು. ಆ ಅರ್ಧ ಬೆಳ್ಳಿ ರೂಪಾಯಿಯನ್ನು ಕಳ್ಳನಾಣ್ಯ ಮಾಡುವುದು ಸುಲಭ ಎಂದು ಅಂಚಿನಲ್ಲಿ ವಿಶೇಷ ಕೊರೆತ ಹಾಕಿದರು. ಸಾಮಾನ್ಯ ಗೀರುಗಳ ನಡುವೆ ಸುತ್ತಲೂ ಒಂದು ತಗ್ಗು ಪಟ್ಟಿ ಓಡುತ್ತದೆ, ಉಗುರು ಆಡಿಸಿದರೆ ತಿಳಿಯುತ್ತದೆ.

1939ರ ರೂಪಾಯಿ ಅಪರೂಪ. ಆದ್ದರಿಂದಲೇ ನಕಲಿಯೂ ಹೇರಳ. 1911ರ ಜಾರ್ಜ್ ರೂಪಾಯಿಯದು ಇನ್ನೊಂದು ಕಥೆ. ರಾಜನ ಉಡುಪಿನ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಗದ್ದಲ ಎಬ್ಬಿಸಿದರು, ಮರುವರ್ಷ ಆನೆಯ ಸೊಂಡಿಲನ್ನು ತಿದ್ದಿ ಅಚ್ಚು ಹಾಕಬೇಕಾಯಿತು.

ಸ್ವಾತಂತ್ರ್ಯದ ನಂತರ ಚಲಾವಣೆಗೆಂದು ಬಂದ ಒಂದು ರೂಪಾಯಿ, ಎಂಟಾಣೆಗಳಲ್ಲಿ ಬೆಳ್ಳಿಯೇ ಇಲ್ಲ. ನೆಹರೂ ಚಿತ್ರದ 1964ರ ರೂಪಾಯಿಯೂ ನಿಕ್ಕಲ್. ಬೆಳ್ಳಿ ಇರುವುದು ಕೆಲವು ಸ್ಮರಣಾರ್ಥ ನಾಣ್ಯಗಳಲ್ಲಿ, ಹಳೆಯ ಹತ್ತು ರೂಪಾಯಿಯಂಥವುಗಳಲ್ಲಿ. ಗಾಂಧಿ ಶತಾಬ್ದಿಯದು 15 ಗ್ರಾಂ, ಶೇಕಡ 80 ಬೆಳ್ಳಿ. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಬಂದದ್ದು 22.5 ಗ್ರಾಂ, ಶೇಕಡ 50.

ಹೊಸಪೇಟೆ ಕಂಡಕ್ಟರ್:
ಹತ್ತು ರೂಪಾಯಿ ನಾಣ್ಯದ ಸುದ್ದಿ ಬಂತಲ್ಲ, ಕೇಳಿಯೇ ಬಿಡುತ್ತೇನೆ. ಈಗಿನ ಹತ್ತರ ನಾಣ್ಯ ಕೊಟ್ಟರೆ ಜನ ಯಾಕೆ ಬೇಡ ಎನ್ನುತ್ತಾರೆ? ರಿಸರ್ವ್ ಬ್ಯಾಂಕ್ 2018ರಲ್ಲೇ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ಸ್ಪಷ್ಟವಾಗಿ ಹೇಳಿದೆ. ಆದರೂ ಬಸ್ಸಿನಲ್ಲಿ ದಿನವೂ ಜಗಳ. ಅಂಗಡಿಯವರು ತೆಗೆದುಕೊಳ್ಳುವುದಿಲ್ಲ, ನಾವು ತೆಗೆದುಕೊಂಡರೆ ಮುಂದಿನ ಪ್ರಯಾಣಿಕರು ಒಲ್ಲೆ ಎನ್ನುತ್ತಾರೆ.

ಗಂಗಾವತಿ ಕಿರಾಣಿ:
ನಾನು ತೆಗೆದುಕೊಳ್ಳುತ್ತೇನೆ ಅಣ್ಣ. ನಮ್ಮ ಗಿರಾಕಿಗಳು ವಾಪಸ್ಸು ಒಯ್ಯುವುದಿಲ್ಲ, ಅದೇ ತೊಂದರೆ.

ಈಗ ಫಲಿತಾಂಶ ಹೇಳುತ್ತೇನೆ. ಅಯಸ್ಕಾಂತಕ್ಕೆ ಅಂಟಲಿಲ್ಲ. ಗೆಳೆಯನ ಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ 5.50 ಗ್ರಾಂ ತೂಗಿತು. ನೀರಿನಲ್ಲಿ ಇಳಿಬಿಟ್ಟಾಗ 0.54 ತೋರಿಸಿತು. ಭಾಗಿಸಿದರೆ 10.2. ಬಾಗಿಲಲ್ಲಿರುವುದು ಐನ್ ಎಂದು ಪಕ್ಕದ ಮನೆಯ ಚಾಚಾ ಓದಿದರು.

ಮಾನ್ವಿ ಮೇಷ್ಟ್ರು:
ಉಸ್ಮಾನ್ ಅಲಿ ಖಾನ್ ಕಾಲದ ಬೆಳ್ಳಿ ಎಂಟಾಣೆ. ಅನುಮಾನ ಬೇಡ.

ಯಲಬುರ್ಗಿಯ ಸೊಸೆ:
ಅಣ್ಣಾ, ಒಂದು ಕೆಲಸ ಮಾಡಿ. ಅಕ್ಷರಗಳ ಸಂದಿಯಲ್ಲಿ, ಚಾರ್‌ಮಿನಾರಿನ ಕಂಬಗಳ ನಡುವೆ ಕೆಂಪು ಇಲ್ಲವೇ ಹಳದಿ ಕಾಣುತ್ತದೆಯೇ ನೋಡಿ.

ಗಂಗಾವತಿ ಕಿರಾಣಿ:
ನೋಡಿದೆ ಅಕ್ಕ. ಅಕ್ಷರಗಳ ಬುಡದಲ್ಲಿ ಕೆಂಪು ಗಟ್ಟಿಯಾಗಿ ಕೂತಿದೆ. ಸೂಜಿ ಮೊನೆಗೆ ಪುಡಿಯಾಗಿ ಬಂತು. ಕುಂಕುಮವೇ.

ಯಲಬುರ್ಗಿಯ ಸೊಸೆ:
ನನಗೆ ಅದೇ ಅನುಮಾನ ಇತ್ತು. ಮೇಲೆ ಮೇಷ್ಟ್ರೂ ಕಂಡಕ್ಟರ್ ಅಣ್ಣನೂ ಹೇಳಿದ್ದನ್ನು ಸೇರಿಸಿ ಓದಿ. ಬೆಳ್ಳಿ ಈಗ ಕೈಯಿಂದ ಕೈಗೆ ಓಡಾಡುತ್ತಿಲ್ಲ. ಹಾಗಿದ್ದರೆ ನಿಮ್ಮ ಗಲ್ಲಾಕ್ಕೆ ಬಂದದ್ದು ಎಲ್ಲಿಂದ? ಯಾರದೋ ದೇವರ ಜಗಲಿಯಿಂದ. ಕಳಶದ ಕೆಳಗೋ ಲಕ್ಷ್ಮೀ ಮುಂದಿನ ತಟ್ಟೆಯಲ್ಲೋ ಇದ್ದದ್ದನ್ನು ಹುಡುಗರು ಎತ್ತಿಕೊಂಡು ಚಾಕೊಲೇಟಿಗೆ ಕೊಟ್ಟಿರುತ್ತಾರೆ, ಇಲ್ಲವೇ ಕಣ್ಣು ಮಂಜಾದ ಮುದುಕಿ ಎರಡು ರೂಪಾಯಿ ಎಂದು ಕೊಟ್ಟಿರುತ್ತಾಳೆ. ನಮ್ಮ ಅತ್ತೆಯವರು ದೀಪಾವಳಿಯ ಲಕ್ಷ್ಮೀಪೂಜೆಗೆ ಇಡುವ ಹಾಲಿ ರೂಪಾಯಿ ಅವರ ಅತ್ತೆ ಉಡಿಯಲ್ಲಿ ಹಾಕಿದ್ದು. ಅದು ಕಳೆದರೆ ಅವರು ಊಟ ಬಿಡುತ್ತಾರೆ. ಆ ಮನೆಯನ್ನು ಹುಡುಕಿ ಕೊಟ್ಟುಬಿಡಿ.

ಸಿಂಧನೂರು ಬಿ.ಕಾಂ:
ಅಕ್ಕ, ವ್ಯಾಪಾರದಲ್ಲಿ ಬಂದದ್ದು ಅವರದೇ ಅಲ್ಲವೇ? ಕದ್ದದ್ದಲ್ಲ, ಕಸಿದದ್ದಲ್ಲ. ಎರಡು ರೂಪಾಯಿಯ ಸಾಮಾನು ಕೊಟ್ಟಿದ್ದಾರೆ. ಕೊಟ್ಟವರು ನೋಡಿ ಕೊಡಬೇಕಿತ್ತು.

ಯಲಬುರ್ಗಿಯ ಸೊಸೆ:
ನೋಡಿ ಕೊಡುವ ವಯಸ್ಸಿನವರು ಕೊಟ್ಟಿದ್ದರೆ ನಿಮ್ಮ ಮಾತು ನಡೆಯುತ್ತಿತ್ತು. ನೂರರ ನೋಟಿನ ಜೊತೆ ಐನೂರರದು ಅಂಟಿಕೊಂಡು ಬಂದರೆ ನಮ್ಮೂರ ಅಂಗಡಿಯವರು ಕೂಗಿ ಕರೆದು ಕೊಡುತ್ತಾರೆ. ಇದಕ್ಕೂ ಅದೇ ನ್ಯಾಯ.

ಪತ್ತಾರ ಓಣಿ, ಕೊಪ್ಪಳ:
ಅಕ್ಕನ ಮಾತಿಗೆ ನನ್ನ ಮತ. ಕರಗಿಸಿದರೆ ಸಿಗುವುದು ನಾಲ್ಕೂವರೆ ಗ್ರಾಂ ಬೆಳ್ಳಿ. ಅದಕ್ಕೋಸ್ಕರ ಒಂದು ಮನೆಯ ಕಣ್ಣೀರು ಬೇಡ. ಜಗಲಿಯ ನಾಣ್ಯವನ್ನು ಮಾರಲು ತಂದವರಿಗೆ ನಾನು ಇನ್ನೊಮ್ಮೆ ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದು ಹೇಳಿಯೇ ಕಳಿಸುತ್ತೇನೆ. ಬಹಳ ಜನ ತಿರುಗಿ ಬರುವುದಿಲ್ಲ.

ಬಳ್ಳಾರಿ ಕೋಟೆ:
ಕೊಡುವುದು ಸರಿ. ಆದರೆ ನಾಣ್ಯ ತೋರಿಸಿ ಯಾರದು ಎಂದು ಕೇಳಿದರೆ ಊರೆಲ್ಲ ನನ್ನದು ಎನ್ನುತ್ತದೆ. ಚಿತ್ರ ಹೇಳಬೇಡಿ, ಹಳೆಯ ನಾಣ್ಯ ಸಿಕ್ಕಿದೆ ಎಂದಷ್ಟೇ ಹೇಳಿ. ಗುರುತನ್ನು ಅವರೇ ಹೇಳಲಿ.

ಸಂಡೂರಿನವಳು:
ನಮ್ಮ ತಾಂಡಾದಲ್ಲಿ ಹಿರಿಯ ಹೆಂಗಸರ ಲಂಬಾಣಿ ಉಡುಪಿನ ಮೇಲೆ ನಾಣ್ಯಗಳ ಸಾಲೇ ಇರುತ್ತದೆ. ಪಾವಲಿ, ಎಂಟಾಣೆಗೆ ಕೊಂಡಿ ಬೆಸೆದು ಪೋಣಿಸುತ್ತಾರೆ. ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಕಡಿಮೆ ಕಟ್ಟುತ್ತಾರೆ, ಹಾಳಾಗಿದೆ ಎನ್ನುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಯಾವ ನಾಣ್ಯ ಯಾರ ಮದುವೆಯಲ್ಲಿ ಬಂತು ಎಂದು ನನ್ನ ಅಜ್ಜಿ ಒಂದೊಂದನ್ನೂ ಮುಟ್ಟಿ ಹೇಳುತ್ತಾಳೆ. ಊರೂರು ತಿರುಗಿ ಇಂಥವನ್ನು ತೂಕಕ್ಕೆ ಕೊಂಡು ಹೊಸ ಬಿಲ್ಲೆ ಕೊಡುವವರಿದ್ದಾರೆ, ಎಚ್ಚರವಾಗಿರಿ.

ಸಿಂಧನೂರು ಬಿ.ಕಾಂ:
ಮೊಬೈಲಿನಲ್ಲಿ ಹಳೆಯ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ ಎಂದು ವಿಡಿಯೊ ಬರುತ್ತವಲ್ಲ, ಅದರ ಬಗ್ಗೆ ಏನು ಹೇಳುತ್ತೀರಿ? ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ.

ಬಳ್ಳಾರಿ ಕೋಟೆ:
ಕಟ್ಟಬೇಡಿ! ಕೊಳ್ಳುವವನು ಮಾರುವವನಿಂದ ದುಡ್ಡು ಕೇಳಿದ ಎಂದರೆ ಅಲ್ಲೇ ಮುಗಿಯಿತು. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಹಾಕಿಕೊಂಡೇ ಶುಲ್ಕ, ತೆರಿಗೆ ಎಂದು ಕೀಳುತ್ತಾರೆ. ತಾನು ಇಂಥ ವ್ಯವಹಾರ ಮಾಡುವುದೇ ಇಲ್ಲ ಎಂದು ಬ್ಯಾಂಕು 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿತ್ತು. ನಾಣ್ಯದ ಕೆಳಗಿನ ವಜ್ರದ ಗುರುತಿಗೆ ಬೆಲೆ ಎನ್ನುವುದೂ ಸುಳ್ಳು. ಅದು ಮುಂಬೈ ಟಂಕಸಾಲೆಯ ಗುರುತು, ನಕ್ಷತ್ರ ಹೈದರಾಬಾದಿನದು, ಚುಕ್ಕಿ ನೋಯ್ಡಾದು. ಗುರುತಿಲ್ಲದ್ದು ಕೋಲ್ಕತ್ತದ್ದು.

ಮಾನ್ವಿ ಮೇಷ್ಟ್ರು:
ಅದರ ಜೊತೆಗೆ 1818 ಎಂದು ಬರೆದು ರಾಮ ಸೀತೆ, ಹನುಮಂತನ ಚಿತ್ರ ಹಾಕಿದ ಈಸ್ಟ್ ಇಂಡಿಯಾ ಕಂಪನಿಯ ನಾಣ್ಯಗಳು. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ, ಅವೆಲ್ಲ ಆಮೇಲೆ ಮಾಡಿದ ಬಿಲ್ಲೆಗಳು. ಅವುಗಳನ್ನೇ ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಪವಾಡದ ನಾಣ್ಯ ಎಂದು ತೋರಿಸಿ ಹೊಲ ಮಾರಿಸಿದ ಮೋಸಗಾರರಿದ್ದಾರೆ. ಪೂಜೆಗೆ ಇಟ್ಟುಕೊಳ್ಳಿ, ಯಾರದೂ ಅಭ್ಯಂತರವಿಲ್ಲ. ಸಾಲ ಮಾಡಿ ಕೊಳ್ಳಬೇಡಿ.

ಗಂಗಾವತಿ ಕಿರಾಣಿ:
ಎಲ್ಲರೂ ಕೇಳುತ್ತಿದ್ದೀರಿ, ಹೇಳಿಬಿಡುತ್ತೇನೆ. ಕೋಟೆಯವರು ಹೇಳಿದಂತೆ ಬರೀ ‘ಹಳೆಯ ನಾಣ್ಯ’ ಎಂದಷ್ಟೇ ಅಂಗಡಿಯಲ್ಲಿ ಮಾತು ಹಾಕಿದೆ. ಕೆಲವರು ಬಂದರು. ಒಬ್ಬರು ರಾಣಿ ತಲೆ ಎಂದರು, ಇನ್ನೊಬ್ಬರು ತೂತಿನ ಕಾಸು ಎಂದರು. ಸಂಜೆ ಹಿಂದಿನ ಓಣಿಯ ತಾಯಿಯೊಬ್ಬರು ಮೊಮ್ಮಗನ ಕೈಹಿಡಿದು ಬಂದು, ನಾಲ್ಕು ಕಂಬದ ಮಸೀದಿ ಇದೆ, ಅಂಚಿನ ಒಂದು ಕಡೆ ಸಣ್ಣ ಕಚ್ಚು ಇದೆ ಎಂದರು. ಕಚ್ಚು ಇತ್ತು. ಕೊಟ್ಟೆ. ಹುಡುಗ ಎರಡು ರೂಪಾಯಿ ತಂದಿದ್ದ, ಅದನ್ನೂ ತೆಗೆದುಕೊಳ್ಳಲೇಬೇಕೆಂದು ಆ ತಾಯಿ ಪಟ್ಟು ಹಿಡಿದರು, ತೆಗೆದುಕೊಂಡೆ.

ಯಲಬುರ್ಗಿಯ ಸೊಸೆ:
ನಿಮ್ಮ ಅಂಗಡಿ ಚೆನ್ನಾಗಿ ನಡೆಯಲಿ ಅಣ್ಣಾ.

ಸಿಂಧನೂರು ಬಿ.ಕಾಂ:
ನಾನಾಗಿದ್ದರೆ ಬದಲಿಗೆ ಇನ್ನೊಂದು ಹಾಲಿ ಕೊಂಡುಕೊಳ್ಳಲು ಸಹಾಯ ಮಾಡುತ್ತಿದ್ದೆ. ಇರಲಿ, ಒಳ್ಳೆಯದೇ ಆಯಿತು.

ಕುಷ್ಟಗಿ ರೈತ:
ತಡವಾಗಿ ಓದಿದೆ. ನನ್ನದು ಬೇರೆ ವಿಷಯ. ಹೊಲ ಹರಗುವಾಗ ಸಣ್ಣ ಗಡಿಗೆಯ ಚೂರಿನ ಜೊತೆ ಕೆಲವು ಬೆಳ್ಳಿ ನಾಣ್ಯ ಸಿಕ್ಕರೆ ಅವು ಯಾರಿಗೆ ಸೇರುತ್ತವೆ? ಹೊಲ ನನ್ನದೇ, ಪಹಣಿಯೂ ನನ್ನ ಹೆಸರಿನಲ್ಲೇ ಇದೆ.

ಬಳ್ಳಾರಿ ಕೋಟೆ:
ಪಹಣಿ ನಿಮ್ಮದಾದರೂ ನೆಲದಲ್ಲಿ ಹುದುಗಿದ್ದ ನಿಧಿಗೆ ಬೇರೆ ಕಾನೂನು. ದೇಶಕ್ಕೆ 1878ರ ಕಾಯ್ದೆ ಇದೆ, ನಮ್ಮ ರಾಜ್ಯಕ್ಕೆ 1962ರದು. ಸಿಕ್ಕದ್ದನ್ನು ಮುಚ್ಚಿಟ್ಟರೆ ಅಪರಾಧವಾಗುತ್ತದೆ. ಜಿಲ್ಲಾಧಿಕಾರಿಗಳಿಗೆ ಬರವಣಿಗೆಯಲ್ಲಿ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು ಎಂದೂ ಎಣಿಕೆಯಾಗುತ್ತದೆ, 1972ರ ಕಾಯ್ದೆಯ ಪ್ರಕಾರ ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ.

ಮಾನ್ವಿ ಮೇಷ್ಟ್ರು:
ಗಡಿಗೆಯ ಚೂರನ್ನು ಬಿಸಾಡಬೇಡಿ. ನಾಣ್ಯವನ್ನು ಹೊರತೆಗೆದ ಜಾಗದಲ್ಲಿ ಗೂಟ ನೆಟ್ಟು, ಆಳ ಅಳೆದು, ಫೋಟೊ ತೆಗೆದಿಡಿ. ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದೇ ಇತಿಹಾಸದವರಿಗೆ ನಾಣ್ಯಕ್ಕಿಂತ ದೊಡ್ಡದು. ವಿಜಯನಗರದ ‘ತಾರ’ ಎಂಬ ಪುಟ್ಟ ಬೆಳ್ಳಿ ನಾಣ್ಯವಾಗಿದ್ದರೆ ಅದು ಬಹಳ ಅಪರೂಪದ ವಸ್ತು. ಆ ಕಾಲದ ಚಿನ್ನದ ವರಾಹ, ತಾಮ್ರದ ಕಾಸುಗಳನ್ನು ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಕುಷ್ಟಗಿ ರೈತ:
ಚೂರು ಬದುವಿನ ಮೇಲೇ ಇದೆ. ನಾಣ್ಯ ಮನೆಯಲ್ಲಿದೆ, ತೊಳೆದಿಲ್ಲ.

ಬಳ್ಳಾರಿ ಕೋಟೆ:
ಹಾಗಾದರೆ ನಾಳೆಯೇ ಅರ್ಜಿ ಬರೆಯಿರಿ. ಸರ್ವೆ ನಂಬರ್, ಸಿಕ್ಕ ದಿನ, ನಾಣ್ಯಗಳ ಸಂಖ್ಯೆ, ಒಟ್ಟು ತೂಕ ಎಲ್ಲವೂ ಅದರಲ್ಲಿರಲಿ. ಪಂಚರಾಗಿ ಇಬ್ಬರ ಸಹಿ ಹಾಕಿಸಿ. ಎರಡು ಪ್ರತಿ ಮಾಡಿ ಒಂದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಬನ್ನಿ.